ನಿಮ್ಮ ಮಡಿಲಿನ ಫ್ಲಾಪಿ

ಮಾವನವರೇ,

ಸಾಷ್ಟಾಂಗ ನಮಸ್ಕಾರ ಎಂದು ಶುರು ಮಾಡುವುದಿಲ್ಲ. ನೀವಿದ್ದಾಗ ಬಾಗಿ ಬಾಗಿ ಬೆನ್ನಿಗೆ ಅದೇ ರೂಢಿಯಾಗಿದೆ. ಕಾಗದದ ಮುಂದಾದರೂ ನೆಟ್ಟಗೆ ಕೂರುತ್ತೇನೆ. ಕ್ಷೇಮ ಕೇಳುವ ಅಗತ್ಯವೂ ಇಲ್ಲ. ನೀವು ಎಲ್ಲಿದ್ದೀರಿ, ಹೇಗೆ ಕೂತಿದ್ದೀರಿ, ನಿಮ್ಮ ಮಡಿಲಲ್ಲಿ ಏನಿದೆ ಎಂಬುದು ಗಂಗಾವತಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಅದನ್ನು ನಿಮಗೊಬ್ಬರಿಗೆ ಹೇಳಬೇಕಾಗಿದೆ.

ಮೊನ್ನೆ ನಿಮ್ಮ ಮೊದಲ ವರ್ಷದ ಪುಣ್ಯಸ್ಮರಣೆ ಆಯಿತು. ನಿಮ್ಮ ಭತ್ತದ ಗಿರಣಿಯ ಅಂಗಳದಲ್ಲಿ ಪೆಂಡಾಲು, ಹುಗ್ಗಿ, ಸಾಲು ಸಾಲು ಭಾಷಣ. ಕುಕನೂರಿನಿಂದ ಬಂದಿದ್ದ ನಿಮ್ಮ ತಂಗಿಯ ಗಂಡ ಮೈಕು ಹಿಡಿದು, “ನಮ್ಮ ಅಣ್ಣಾರು ಕಾಯಕಾನ ದೇವರು ಅಂದಾವ್ರು. ಮನಿಗೆ ಕಂಪೂಟರ ತಂದು ಅದಕ್ಕ ದಿನಾ ಕೈ ಮುಗದಾವ್ರು. ಹೋಗೂ ಮುಂದ ಸುದ್ದಾ ಅದರ ಫ್ಲಾಪಿ ಉಡ್ಯಾಗ ಇಟಗೊಂಡ ಹೋಗ್ಯಾರ” ಎಂದರು. ಮಂದಿ ಚಪ್ಪಾಳೆ ತಟ್ಟಿದರು. ಆಮೇಲೆ ಎದ್ದ ಮೇಷ್ಟ್ರೊಬ್ಬರು ನೀವು ಶರಣರ ದಾರಿಯಲ್ಲಿ ನಡೆದವರು, ನಿಮ್ಮ ಮನೆಯಲ್ಲಿ ಮುಟ್ಟು ಮೈಲಿಗೆ ಎಂಬ ಮಾತಿಗೇ ಜಾಗವಿರಲಿಲ್ಲ ಎಂದರು. ನಾನು ಬಡಿಸುತ್ತಿದ್ದೆ. ಹುಗ್ಗಿಯ ಸೌಟು ಕೈಯಲ್ಲೇ ಉಳಿಯಿತು. ಪಕ್ಕದಲ್ಲಿದ್ದ ಅತ್ತೆ ನನ್ನ ಮುಖ ನೋಡಿ, “ಸತ್ತಾವ್ರ ಬಗ್ಗೆ ಏನೂ ಅನಬಾರದವ್ವ” ಎಂದರು. ನಾನು ಏನೂ ಅಂದಿರಲಿಲ್ಲ. ಆದರೆ ಸತ್ತವರಿಗೇ ಅನ್ನಬಾರದು ಎಂದು ಯಾರೂ ಹೇಳಿಲ್ಲವಲ್ಲ?

ಆ ಪೆಟ್ಟಿಗೆ ಮನೆಗೆ ಬಂದ ದಿನ ನಿಮಗೆ ನೆನಪಿರಬೇಕು. ಕಾಲುವೆಯಾಚೆ ಆಂಧ್ರದವರ ಕ್ಯಾಂಪಿನ ಗಿರಣಿ ಮಾಲೀಕರು ಕಲರ್ ಟಿವಿ ತರಿಸಿದ ಸುದ್ದಿ ಕೇಳಿ ನಿಮಗೆ ಊಟ ಸೇರಿರಲಿಲ್ಲ. “ಅವ ನೋಡೂದು ತಂದ್ರ ನಾ ಹೇಳಿದ ಮಾತ ಕೇಳೂದು ತರ್ತೀನಿ” ಎಂದಿರಿ. ಸಿಕಂದರಾಬಾದಿನ ಯಾವುದೋ ಕಚೇರಿಯವರು ಹಳೆಯದಾಯಿತೆಂದು ಕೈಬಿಟ್ಟ ಕಂಪ್ಯೂಟರು, ನಮ್ಮ ಲಾರಿಯಲ್ಲಿ ಖಾಲಿ ಗೋಣಿಚೀಲಗಳ ನಡುವೆ ಮಲಗಿಕೊಂಡು ಬಂತು. ಪಡಸಾಲೆಯಲ್ಲಿ, ದೇವರ ಜಗಲಿಯ ಮಗ್ಗುಲಿಗೆ, ಅದಕ್ಕೊಂದು ಮೇಜು. ಹತ್ತಿರ ಹೋಗುವವರು ಚಪ್ಪಲಿ ಬಿಟ್ಟು, ಕಾಲು ತೊಳೆದು ಹೋಗಬೇಕು. ಕರೆಂಟು ಏರಿಳಿದರೆ ಸುಡಬಾರದೆಂದು ಸ್ಟೆಬಿಲೈಸರ್. ಕಣ್ಣು ತಾಕಬಾರದೆಂದು ನಿಂಬೆಹಣ್ಣು, ಮೆಣಸಿನಕಾಯಿ. ಎರಡನ್ನೂ ನೀವೇ ಒಂದೇ ಮೊಳೆಗೆ ಕಟ್ಟಿದಿರಿ.

ಹುಬ್ಬಳ್ಳಿಯಿಂದ ಇಂಜಿನಿಯರ್ ದೇಶಪಾಂಡೆ ಬಂದು ಕೂತಾಗ, ಕಲಿಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ನಿಮ್ಮ ಮಗ, ನನ್ನ ಗಂಡ, ನೀವು ಎದುರಿಗಿದ್ದರೆ ಬರೆದದ್ದನ್ನೇ ಅಳಿಸಿ ಬರೆಯುವವರು. ನೀವೇ ಅಡುಗೆಮನೆಯ ಬಾಗಿಲಿಗೆ ಬಂದು, “ಸುಶೀಲವ್ವ, ಕೊಪ್ಪಳದಾಗ ಬಿ.ಎಸ್ಸಿ. ಓದಿದಾಕಿ ಸುಮ್ಮ ರೊಟ್ಟಿ ಬಡಕೋತ ಯಾಕ ಕುಂದರ್ತಿ? ಬಾ ಇಲ್ಲೆ” ಎಂದು ಕರೆದಿರಿ. ಸುಳ್ಳು ಹೇಳುವುದಿಲ್ಲ, ಆ ದಿನ ನಿಮ್ಮ ಮೇಲೆ ನನಗೆ ಭಕ್ತಿಯೇ ಹುಟ್ಟಿತ್ತು. ಆ ಕಂಪ್ಯೂಟರಿಗೆ ಸ್ವಂತ ನೆನಪಿರಲಿಲ್ಲ. ದಿನಾ ಬೆಳಿಗ್ಗೆ ಅದು ಹುಟ್ಟಬೇಕಾದರೆ ಬಾಯಿಗೆ ಒಂದು ಫ್ಲಾಪಿ ಕೊಡಬೇಕು: ಅಂಗೈಗಿಂತ ಸ್ವಲ್ಪ ದೊಡ್ಡ ಕರಿ ಚೌಕ, ಹಪ್ಪಳದಷ್ಟು ತೆಳು, ಒಂದು ಕಡೆ ಬೆರಳಗಲದ ಸೀಳು. ಆ ಸೀಳಿನಲ್ಲಿ ಒಳಗಿನ ಕಂದು ತಟ್ಟೆ ಬೆತ್ತಲಾಗಿ ಕಾಣುತ್ತದೆ. ಯಂತ್ರ ಓದುವುದು ಅಲ್ಲಿಂದಲೇ. ಸಿಸ್ಟಂ ಫೈಲುಗಳೆಲ್ಲ ಅದರಲ್ಲೇ. ಅವು ಕೆಟ್ಟರೆ ಕಂಪ್ಯೂಟರು ಬರೀ ತಗಡು. ದೇಶಪಾಂಡೆ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: “ಅಕ್ಕಾರ, ಆ ಸೀಳಿಗೆ ಮಾತ್ರ ಬೆರಳ ಹಚ್ಚಬ್ಯಾಡ್ರಿ.” ಇನ್ನೊಂದು ನಕಲು ಮಾಡಿಟ್ಟುಕೊಳ್ಳೋಣ ಎಂದು ನಾನು ಕೇಳಿದೆ. ನೀವು ನಕ್ಕಿರಿ. “ಒಂದ ಮನಿಗೆ ಇಬ್ಬರು ಯಜಮಾನರೇನವ್ವ?”

ಯಲಬುರ್ಗಾದ ಬೀಗರು ಬಂದಾಗ, ಹಿಟ್ನಾಳದ ಗೌಡರು ಬಂದಾಗ, ಮರಳಿಯ ಭತ್ತದ ರೈತರು ಬಂದಾಗ ನನ್ನನ್ನು ಕರೆಯುತ್ತಿದ್ದಿರಿ. “ಇವರ ಹೆಸರ ಬರಿ.” ನಾನು ಒತ್ತುತ್ತಿದ್ದೆ, ಕರಿ ಪರದೆಯ ಮೇಲೆ ಹಸಿರು ನಕ್ಷತ್ರಗಳು ಸಾಲುಗಟ್ಟಿ ಅವರ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಮೂಡುತ್ತಿತ್ತು. ಹೆಸರು ಓದಲು ಬಾರದವರೂ ಬೇಷ್ ಎನ್ನುತ್ತಿದ್ದರು. ಗಿರಣಿಯ ಲೆಕ್ಕವನ್ನೂ ನಾನೇ ಅದರಲ್ಲಿ ಹಾಕತೊಡಗಿದೆ. ಒಂದು ವರ್ಷ ಪೂರ್ತಿ ಯಂತ್ರ ಕೆಮ್ಮಲಿಲ್ಲ. ಆ ವರ್ಷದ ಎಲ್ಲ ತಿಂಗಳುಗಳಲ್ಲೂ ನಾನು ಹೆಂಗಸಾಗಿಯೇ ಇದ್ದೆ, ಮಾವನವರೇ. ಅಡುಗೆ ಮಾಡಿದೆ, ಜಗಲಿ ಒರೆಸಿದೆ, ಕಂಪ್ಯೂಟರ್ ಮುಟ್ಟಿದೆ. ನಮ್ಮಲ್ಲಿ ಸೂತಕವಿಲ್ಲ ಎಂದು ಮಠದಲ್ಲಿ ನೀವು ಮಾತಾಡುವಾಗ ಮೊದಲ ಸಾಲಿನಲ್ಲಿ ಕೂತು ಕೇಳಿಸಿಕೊಂಡವಳು ನಾನು. ನಂಬಿದವಳೂ ನಾನೇ, ಬಹುಶಃ ನಾನೊಬ್ಬಳೇ…

ಆಯುಧಪೂಜೆಯ ಆ ಬೆಳಿಗ್ಗೆ ನೀವು ಜಳಕ ಮುಗಿಸಿ ಒದ್ದೆ ಧೋತರದಲ್ಲೇ ಪಡಸಾಲೆಗೆ ಬಂದಿರಿ. ಗಿರಣಿಯ ಮೋಟಾರಿಗೆ, ತಕ್ಕಡಿಗೆ, ಲಾರಿಗೆ, ಈಳಿಗೆಮಣೆಗೆ ಪೂಜೆಯಾಗಿತ್ತು. ಕಂಪ್ಯೂಟರಿಗೆ ಚೆಂಡುಹೂವಿನ ಹಾರ ಹಾಕಿದಿರಿ, ಪರದೆಗೆ ಕುಂಕುಮವಿಟ್ಟಿರಿ. ಆಮೇಲೆ ಏನನ್ನಿಸಿತೋ, “ಮಷೀನಿನ ಆತ್ಮ ಇದರಾಗಲ್ಲೇನು?” ಎಂದು ಫ್ಲಾಪಿ ತೆಗೆದಿರಿ. ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ನೀರಿಗೆ ತೇಯ್ದು ಮೂರು ಬೆರಳು ಎಳೆದಿರಿ, ಅಡ್ಡಡ್ಡ, ನೇರ ಆ ಸೀಳಿನ ಮೇಲೆ. ನಾನು ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬುತ್ತಿದ್ದೆ, ನೋಡಲಿಲ್ಲ. ನೋಡಿದವರು ನಿಮ್ಮ ಮಗ. ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಅದೇ ದಿನ ಮಧ್ಯಾಹ್ನ ಮಠದ ಸ್ವಾಮಿಗಳು ಪಾದಪೂಜೆಗೆ ಬಂದರು. ಪಡಸಾಲೆ ತುಂಬ ಬೀಗರು, ಓಣಿಯ ಮಂದಿ. ಸ್ವಾಮಿಗಳ ಹೆಸರು ಪರದೆಯ ಮೇಲೆ ಮೂಡಿಸಬೇಕೆಂದು ನೀವು ತಿಂಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದಿರಿ. ನನ್ನನ್ನು ಕರೆದಿರಿ. ನಾನು ಸ್ವಿಚ್ಚು ಹಾಕಿದೆ. ಫ್ಲಾಪಿ ಆಗಲೇ ಅದರ ಬಾಯಲ್ಲಿತ್ತು. ಕೆಂಪು ದೀಪ ಹತ್ತಿತು, ಒಳಗೆ ಕರಕರ ಎಂದು ಮರಳು ಅರೆದಂತೆ ಸದ್ದಾಯಿತು, ಪರದೆಯ ಮೇಲೆ ಒಂದೇ ಸಾಲು ಬಂತು: ನಾನ್ ಸಿಸ್ಟಂ ಡಿಸ್ಕ್ ಆರ್ ಡಿಸ್ಕ್ ಎರರ್. ಇದರಲ್ಲಿ ಸಿಸ್ಟಂ ಇಲ್ಲ, ಇಲ್ಲವೇ ಡಿಸ್ಕೇ ಸರಿಯಿಲ್ಲ, ಬೇರೆ ಹಾಕಿ ಎಂದು ಅದರ ಅರ್ಥ. ಬೇರೆ ಎಲ್ಲಿತ್ತು? ಆರಿಸಿ ಹಾಕಿದೆ, ಮತ್ತೆ ಅದೇ. ನಿಮ್ಮ ಮುಖ ಕೆಂಪಾಗಿತ್ತು.

“ಇದೇನೂ ನಮ್ಮ ಸಾಲಿ ಹುಡುಗರ ಪಾಟಿಯಲ್ಲ, ಅಣ್ಣಾರ” ಎಂದರು ಕುಕನೂರಿನ ಬೀಗರು, ನಿಮ್ಮ ತಂಗಿಯ ಗಂಡ. “ಮನ್ಯಾಗ ಯಾರರ ಮೈಲಿಗಿ ಆಗ್ಯಾರೇನ ನೋಡ್ರಿ.”

ನೀವು ಯೋಚನೆಯನ್ನೂ ಮಾಡಲಿಲ್ಲ. ಸ್ವಾಮಿಗಳ ಮುಂದೆ, ಬೀಗರ ಮುಂದೆ, ಓಣಿಯ ಗಂಡಸರೆಲ್ಲರ ಮುಂದೆ ಕೇಳಿದಿರಿ: “ಖರೇ ಹೇಳು. ನೀ ಮುಟ್ಟಾಗೀದಿ ಏನು?”

ಆ ಕ್ಷಣ ಇವತ್ತಿಗೂ ನನ್ನ ಮೈಮೇಲಿದೆ. ಇಲ್ಲ ಎನ್ನಬಹುದಿತ್ತು. ಯಾಕೆ ಎನ್ನಬೇಕು? ನಮ್ಮ ಮನೆಯಲ್ಲಿ ಅದಕ್ಕೆ ಅರ್ಥವಿಲ್ಲ ಎಂದು ಕಲಿಸಿದವರೇ ನೀವಲ್ಲವೇ? “ಹೌದ್ರಿ” ಎಂದೆ. ಪಡಸಾಲೆಯಲ್ಲಿ ಯಾರೋ ನಾಲಿಗೆ ಚಪ್ಪರಿಸಿದರು. ಸ್ವಾಮಿಗಳು ಒಂದು ಮಾತು ಆಡಬಹುದಿತ್ತು, ಒಂದೇ ಒಂದು ಮಾತು. ಅವರು ಕೈಗಡಿಯಾರ ನೋಡಿಕೊಂಡರು. ನಿಮ್ಮ ಮಗ ಆರತಿ ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. “ನನ್ನ ಇಜ್ಜತ್ ಕಳದ್ಯಲ್ಲ” ಎಂದಿರಿ ನೀವು. ಅಷ್ಟು ಮಂದಿಯ ನಡುವೆ ಇಜ್ಜತ್ ಇದ್ದದ್ದು ನಿಮಗೊಬ್ಬರಿಗೇ ಎಂಬಂತೆ.

ನನ್ನನ್ನು ಕುಷ್ಟಗಿಯ ತವರಿಗೆ ಕಳಿಸಿದ ದಿನ ಮಗಳು ಗಿರಿಜಾ ನನ್ನ ಸೀರೆಯ ನೆರಿಗೆ ಹಿಡಿದಿದ್ದಳು. ಸಾಲಿಗೆ ಹಾಕುವ ವಯಸ್ಸೂ ಆಗಿರಲಿಲ್ಲ ಆ ಕೂಸಿಗೆ. ನೀವು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಿರಿ. ಒರಟಾಗಿ ಅಲ್ಲ, ನಿಧಾನವಾಗಿ, ಬಟಾಣಿ ಬಿಡಿಸಿದ ಹಾಗೆ. “ಕೂಸು ನಮ್ಮ ಮನೀದು. ಇಲ್ಲೇ ಇರ್ತೈತಿ. ಮಷೀನು ಸುದ್ದ ಆದಮ್ಯಾಲೆ ನೀನೂ ಬರೀಯಂತ.” ನಾನು ಅತ್ತೆಯ ಕಡೆ ನೋಡಿದೆ. ಅವರು ಜಗಲಿಯ ಕಡೆ ನೋಡಿದರು. ಹೀಗೆ ನನ್ನ ಮಗಳನ್ನು ನಾನು ನೋಡುವುದು ಒಂದು ತಗಡಿನ ಪೆಟ್ಟಿಗೆಯ ಆರೋಗ್ಯಕ್ಕೆ ಗಂಟುಬಿತ್ತು. ಇಂಥ ಶಿಕ್ಷೆ ಯಾವ ರಾಜನಿಗಾದರೂ ಹೊಳೆದಿತ್ತೇ? ನಾನು ಓದಿದ ಯಾವ ಇತಿಹಾಸದಲ್ಲೂ ಇಲ್ಲ.

ಕುಷ್ಟಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ನನ್ನ ಅವ್ವ ಒಂದೇ ಪ್ರಶ್ನೆ ಕೇಳಿದಳು: “ಕೂಸೆಲ್ಲಿ?” ಹೇಳಿದೆ. ಅವಳು ಸಾಲಿ ಕಲಿತವಳಲ್ಲ, ಆದರೆ ಬಾಯಿ ಕುಡುಗೋಲು. “ನೆಲ್ಲಿನ ಗದ್ದಿ ನೀರು ಕುಡದ ಊರಿನ ಮಂದಿಗೆ ಬುದ್ಧೀನೂ ನೀರುಂಡ ಹೊಲದಂಗ ಜವಳ ಹಿಡದೈತಿ. ಮಷೀನು ಸುದ್ದ ಆಗಬೇಕಂತ! ಅದೇನು ಬಾಣಂತಿಯೇನ?” ಎಂದಳು. ನಾನು ನಗಲಿಲ್ಲ. ಬಟ್ಟಲಿನಲ್ಲಿ ಹಾಲು ಕಂಡರೆ ಗಿರಿಜಾ ನೆನಪಾಗಿ ಬಟ್ಟಲನ್ನು ಹಾಗೆಯೇ ಸರಿಸಿಬಿಡುತ್ತಿದ್ದೆ. ಓಣಿಯವರು ಕೇಳಿದರೆ ಅವ್ವ, “ಬ್ಯಾಸಗಿಗೆ ಬಂದಾಳ” ಎನ್ನುತ್ತಿದ್ದಳು. ಚಳಿಗಾಲವಾಗಿತ್ತು.

ನಿಮ್ಮ ಮಗ ಮೊದಲ ಸಲ ಬಂದಾಗ ಅವರ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಬಾಯಲ್ಲಿ ಪರದೆಯ ಸುದ್ದಿ. ಗಿರಣಿಗೆ ರಜೆ ಸಿಕ್ಕ ದಿನ ಕನಕಗಿರಿ, ತಾವರಗೇರಾ ದಾಟಿ ಬಸ್ಸಿನಲ್ಲಿ ಕುಲುಕಾಡುತ್ತ ಬರುತ್ತಿದ್ದರು. ದೇಶಪಾಂಡೆ ಬಂದು ಹೊಸ ಸಿಸ್ಟಂ ಫ್ಲಾಪಿ ಕೊಟ್ಟುಹೋದರಂತೆ. ಎರಡು ದಿನ ಚೆನ್ನಾಗಿತ್ತಂತೆ. “ಆಮ್ಯಾಲೆ ಬ್ಯಾಡ್ ಆರ್ ಮಿಸ್ಸಿಂಗ್ ಕಮಾಂಡ್ ಇಂಟರ್‌ಪ್ರಿಟರ್ ಅಂತ ಬರಾಕ ಹತ್ತೇತಿ” ಎಂದರು. ಅಪ್ಪಣೆ ಓದುವ ಫೈಲು ಕೆಟ್ಟಿದೆ, ಇಲ್ಲವೇ ಕಾಣೆಯಾಗಿದೆ ಎಂದು ಅದರ ಅರ್ಥ.

“ಅಪ್ಪಾರು ಏನಂದ್ರು?”

“ಬ್ಯಾಡ್ ಅಂದ್ರ ಕೆಟ್ಟದ್ದು ಅಂತ ಅವ್ರಿಗೆ ಗೊತ್ತೈತಲ್ಲ. ಮಷೀನಿಗೂ ತಿಳದೈತಿ, ಕೆಟ್ಟಾಕಿ ಯಾರಂತ, ಅಂದ್ರು.”

ಅದನ್ನು ನನಗೆ ಬಂದು ಹೇಳಬೇಕಿತ್ತೇ ಆ ಮನುಷ್ಯ? ಹೇಳಿ, ಬಾಳೆಹಣ್ಣು ಸುಲಿದು ತಿಂದರು.

ಎರಡನೆಯ ಸಲ ಬಂದಾಗ ಸುದ್ದಿ ಬೇರೆಯಾಗಿತ್ತು. ದೇಶಪಾಂಡೆ ಮತ್ತೊಂದು ಫ್ಲಾಪಿ ಮಾಡಿಕೊಟ್ಟರು, ಮತ್ತೆ ಕೆಟ್ಟಿತು. ಈ ಸಲ ಯಂತ್ರ ಎದ್ದು ಕೂರುತ್ತದೆ, ಸ್ವಲ್ಪ ಮುಂದೆ ಹೋಗಿ ತಡವರಿಸಿ ಕೇಳುತ್ತದೆ: ಅಬಾರ್ಟ್, ರಿಟ್ರೈ, ಇಗ್ನೋರ್? ಬಿಟ್ಟುಬಿಡಲೋ, ಮತ್ತೆ ಯತ್ನಿಸಲೋ, ಕಂಡೂ ಕಾಣದಂತೆ ಇದ್ದುಬಿಡಲೋ ಎಂದು. “ನೀವೇನು ಒತ್ತಿದ್ರಿ?” ಎಂದು ಕೇಳಿದೆ. “ಮೂರನೇದು” ಎಂದರು. ನನಗೆ ಆಶ್ಚರ್ಯವಾಗಲಿಲ್ಲ. ನಿಮ್ಮ ಮಗ ಜನ್ಮಪೂರ್ತಿ ಒತ್ತಿದ್ದು ಮೂರನೆಯದನ್ನೇ.

ಅವ್ವನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ನಾನು ಆ ಕಂಪ್ಯೂಟರನ್ನು ತಲೆಯಲ್ಲೇ ಬಿಚ್ಚತೊಡಗಿದೆ. ಮೊದಲು ಕರೆಂಟಿನ ಮೇಲೆ ಅನುಮಾನಪಟ್ಟೆ, ಸ್ಟೆಬಿಲೈಸರ್ ಇತ್ತು. ಇಲಿ? ಇಲಿಯಾಗಿದ್ದರೆ ವೈರು ಕಡಿಯುತ್ತಿತ್ತು, ಫೈಲು ತಿನ್ನುತ್ತಿರಲಿಲ್ಲ. ಓದುವ ಭಾಗವೇ ಸವೆದಿದ್ದರೆ ಪ್ರತಿ ಸಲವೂ ಒಂದೇ ಕಡೆ ಮುಗ್ಗರಿಸಬೇಕು. ಇಲ್ಲಿ ಹಾಗಿಲ್ಲ. ಮೊದಲು ಹೊಸ್ತಿಲಲ್ಲೇ ಬಿತ್ತು, ಆಮೇಲೆ ನಡುಮನೆಯಲ್ಲಿ, ಈಗ ಹಿತ್ತಲ ಬಾಗಿಲಲ್ಲಿ. ಅಂದರೆ ಪ್ರತಿ ಸಲವೂ ಫ್ಲಾಪಿಯೇ ಹೊಸದಾಗಿ, ಬೇರೆ ಬೇರೆ ಜಾಗದಲ್ಲಿ ಕೆಡುತ್ತಿದೆ. ಯಾರೋ ಕೆಡಿಸುತ್ತಿದ್ದಾರೆ. ನಾನಂತೂ ಗಂಗಾವತಿಯಲ್ಲೇ ಇಲ್ಲ. ನಾನಿಲ್ಲದೆಯೂ ಅದು ಕೆಡುತ್ತಿದೆ ಎಂಬ ಸರಳ ಲೆಕ್ಕ, ಭತ್ತದ ಒಂದೊಂದು ಹಿಡಿಗೂ ಲೆಕ್ಕ ಇಡುತ್ತಿದ್ದ ನಿಮಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಅಥವಾ…

ಮೂರನೆಯ ಸಲ ನಿಮ್ಮ ಮಗ ಕಟ್ಟೆಯ ಮೇಲೆ ಕೂತಾಗ ನಾನು ಬಾಳೆಹಣ್ಣು ಒಳಗಿಡಲಿಲ್ಲ.

“ಯಾವ ವಾರ ಕೆಡತೈತಿ?”

“ದೇಶಪಾಂಡೆ ಶನಿವಾರ ಬರ್ತಾರ. ಐತಾರ ಛಲೋ ಇರ್ತೈತಿ. ಸ್ವಾಮಾರ ಕೆಡತೈತಿ.”

“ಸ್ವಾಮಾರ ಅಪ್ಪಾರು ಏನ್ ಮಾಡ್ತಾರ?”

“ಪೂಜಿ.” ಬಾಳೆಹಣ್ಣಿನ ಚಿಪ್ಪು ಪಕ್ಕಕ್ಕೆ ಸರಿಸಿ, “ನೀ ಮುಟ್ಟಿದ್ದಕ್ಕ ಮೈಲಿಗಿ ಆಗೈತಿ ಅಂತ ಪ್ರತಿ ಸ್ವಾಮಾರ ಫ್ಲಾಪಿಗೆ ವಿಭೂತಿ ಹಚ್ಚಿ ಸುದ್ದ ಮಾಡ್ತಾರ” ಎಂದರು.

ಜೋಳದ ಮೊರ ನನ್ನ ಕೈಯಿಂದ ಜಾರಿತು. ನಾನು ಅಲ್ಲಿ ಇಲ್ಲದೆಯೂ ನನ್ನ ಮೈಲಿಗೆ ತೊಳೆಯುತ್ತಿದ್ದಿರಿ. ತೊಳೆದ ಕೈಯೇ ಕೆಡಿಸುತ್ತಿತ್ತು. ಕೆಟ್ಟಿದ್ದಕ್ಕೆ ನನ್ನ ಶಿಕ್ಷೆ ಒಂದು ವಾರ ಬೆಳೆಯುತ್ತಿತ್ತು. “ಸೀಳಿನ ಮ್ಯಾಲೇನ್ರಿ ಹಚ್ಚೂದು?” ಎಂದು ಕೇಳಿದೆ. ಅವರು ನೆಲ ನೋಡುತ್ತ ಹೇಳಿದರು:

“ದೇಶಪಾಂಡೆ ಒಳಗ ಫ್ಲಾಪಿ ಓದೂ ಮುಳ್ಳು ಹತ್ತೀಲೆ ಒರಸಿದ. ಹತ್ತಿ ಬೂದಿಬಣ್ಣ ಆತು. ಮೂಸಿ ನೋಡಿದ. ಅಪ್ಪನ ಹಣಿ ನೋಡಿದ. ಗಂಗಾವತ್ಯಾಗ ಧೂಳ ಭಾಳ ಐತ್ರಿ, ಅಂದ.”

“ಹಂಗಾರ ಅವಗ ಗೊತ್ತೈತಿ.”

“ಹೂಂ.”

“ನಿಮಗ?”

“ಗೊತ್ತೈತಿ.”

“ಯಾವತ್ತಿಂದ?”

ಅವರು ಮೊರದಿಂದ ಚೆಲ್ಲಿದ ಜೋಳ ಆಯತೊಡಗಿದರು. ಉತ್ತರ ಬೇಕಿರಲಿಲ್ಲ, ಆಯುಧಪೂಜೆಯ ಆರತಿ ತಟ್ಟೆ ನನಗೆ ನೆನಪಾಯಿತು. “ಗೊತ್ತಿದ್ದೂ ಅವತ್ತು ಸುಮ್ಮನಿದ್ರಿ? ಕೂಸು ಅವ್ವ ಅವ್ವ ಅಂತ ಅಳೂದ ಕೇಳಕೋತ ಸುಮ್ಮನಿದ್ರಿ?” ಎಂದೆ. “ಅಪ್ಪಗ ಯಾರ ಹೇಳೂದ, ಸುಶೀ? ನೀ ಆದ್ರೂ ತಿಳಕೋ” ಎಂದರು. ನೋಡಿ, ಮಾವನವರೇ, ಅಲ್ಲಿಯೂ ತಿಳಿದುಕೊಳ್ಳಬೇಕಾದವಳು ನಾನೇ.

ಅವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅಳಿಯನ ಎದುರು ಕೂತಳು. “ಅಳಿಯಂದಿರ, ಗುಡ್ಯಾಗ ಅಭಿಷೇಕ ಮಾಡಿಸಿಕೊಳ್ಳೂ ದೇವರು ಬ್ಯಾರೆ, ಪಲ್ಲಕ್ಯಾಗ ಊರು ತಿರಗೂ ದೇವರು ಬ್ಯಾರೆ. ಹೌದಲ್ಲರಿ? ನಿಮ್ಮಪ್ಪಗ ಪೂಜಿಗೆ ಒಂದು ಕೊಡ್ರಿ, ಮಷೀನಿಗೆ ಒಂದು ಕೊಡ್ರಿ.” ನಾನು ಅವಳ ಮುಖ ನೋಡಿದೆ. ಇಷ್ಟು ದಿನ ಇಂಗ್ಲಿಷಿನಲ್ಲಿ ಯೋಚಿಸಿ ಯೋಚಿಸಿ ನನಗೆ ಹೊಳೆಯದ್ದು! ಕೆಟ್ಟುಹೋದ ಮೊದಲ ಫ್ಲಾಪಿ ಇನ್ನೂ ಜಗಲಿಯ ಮೇಲೆಯೇ ಇತ್ತು. ಪೂಜೆಯಾದದ್ದನ್ನು ಕಸಕ್ಕೆ ಹಾಕಬಾರದು, ಕಾಲುವೆಗೆ ಬಿಡಬೇಕು ಎಂದು ಅತ್ತೆ ತೆಗೆದಿಟ್ಟಿದ್ದರು. “ದೇಶಪಾಂಡೆ ಕೈಲೆ ಹೇಳಸ್ರಿ. ಇದು ತಾಯಿ ಫ್ಲಾಪಿ, ಇದರದು ಜಗಲೀ ಮ್ಯಾಲೆ ಪೂಜಿ ಆಗಬೇಕು, ಮಷೀನಿನ್ಯಾಗಿಂದು ಮಗು, ಅದನ್ನ ಯಾರೂ ಮುಟ್ಟಬಾರದು ಅಂತ. ಹೇಳಸಲಿಲ್ಲ ಅಂದ್ರ ನಾನಾ ಬರ್ತೀನಿ. ಬಂದು ಪಡಸಾಲ್ಯಾಗ ನಿಂತು, ಬೂದಿ ಯಾರದಂತ ಓಣಿಗೆಲ್ಲ ಕೇಳೂಹಂಗ ಹೇಳ್ತೀನಿ” ಎಂದೆ. ಹೆಂಡತಿ ಬೀದಿಪಾಲಾದರೆ ಹೆದರದ ಮನುಷ್ಯ ಆ ಮಾತಿಗೆ ಹೆದರಿದರು. ದೇಶಪಾಂಡೆಗಂತೂ ಸಂತೋಷವೇ ಆಯಿತಂತೆ. ವಾರವಾರ ಗಂಗಾವತಿಯ ಬಸ್ಸು ಹತ್ತುವುದು ತಪ್ಪಿತಲ್ಲ ಎಂದು. ಅವರು ಗಂಭೀರವಾಗಿ ಹೇಳಿದರು, ನೀವು ಗಂಭೀರವಾಗಿ ನಂಬಿದಿರಿ. ಆ ಸೋಮವಾರ ಯಂತ್ರ ಕೆಡಲಿಲ್ಲ. ಮುಂದಿನ ಸೋಮವಾರವೂ ಕೆಡಲಿಲ್ಲ.

ನಾನು ಗಂಗಾವತಿಗೆ ಮರಳಿದ ದಿನ ನೀವು ಬಾಗಿಲಲ್ಲಿ ನಿಂತು ಯಾರಿಗೋ ಹೇಳುತ್ತಿದ್ದಿರಿ: “ಸೊಸಿನ್ನ ತವರಿಗೆ ಕಳಿಸಿದ್ದಕ್ಕ ಸುದ್ದ ಆತ ನೋಡ್ರಿ. ವಿಭೂತಿ ಶಕ್ತಿ ಸಣ್ಣದಲ್ಲ.” ನನಗೆ ಅದು ಕೇಳಿಸಿಯೂ ಕೇಳಿಸಲಿಲ್ಲ. ನನ್ನ ಕಣ್ಣು ಗಿರಿಜಾಳನ್ನು ಹುಡುಕುತ್ತಿತ್ತು. ಅವಳು ಅತ್ತೆಯ ಹಿಂದೆ ನಿಂತಿದ್ದಳು. ಓಡಿ ಬರಲಿಲ್ಲ. ನಾನೇ ಹೋಗಿ ಕೂತೆ. ಹೊಸಬರನ್ನು ನೋಡುವ ಹಾಗೆ ನನ್ನ ಮುಖ ನೋಡಿದಳು, ಮೂಗುತಿ ನೋಡಿದಳು, ಆಮೇಲೆ ಗುರುತು ಹತ್ತಿ ನನ್ನ ಎರಡೂ ಕೈಗಳನ್ನು ಹಿಡಿದು ಸೀರೆಯ ಸೆರಗಿನೊಳಗೆ ಬಚ್ಚಿಟ್ಟಳು. “ಅವ್ವಾ, ಅದನ್ನ ಮುಟ್ಟಬ್ಯಾಡ. ಮತ್ತ ಕಳಸ್ತಾರ” ಎಂದಳು, ಪಿಸುಮಾತಿನಲ್ಲಿ. ನೀವು ಅದನ್ನು ಕೇಳಿಸಿಕೊಂಡಿರಿ. ನಕ್ಕಿರಿ. “ನೋಡ, ಕೂಸಿಗೂ ತಿಳದೈತಿ.”

ಅದನ್ನು ನಾನು ಕ್ಷಮಿಸಿಲ್ಲ, ಮಾವನವರೇ. ಸ್ವಾಮಿಗಳ ಮುಂದಿನ ಆ ಪ್ರಶ್ನೆಯನ್ನು ಒಂದು ದಿನ ಕ್ಷಮಿಸಿಯೇನು; ಹಳೆಯ ಕಾಲದವರು, ಅವಮಾನದ ಬಿಸಿಯಲ್ಲಿ ಬಾಯಿ ಜಾರಿತು ಎಂದುಕೊಂಡೇನು. ಆದರೆ ಆ ನಗೆ…

ಆಮೇಲಿನ ಕಾಲದಲ್ಲಿ ನೀವು ಹೊಸ ಕಟ್ಟಳೆ ಹಾಕಿದಿರಿ: ತಿಂಗಳ ಆ ದಿನಗಳಲ್ಲಿ ನಾನು ಆ ಮೇಜಿನ ಹತ್ತಿರ ಸುಳಿಯಕೂಡದು. ಅಡುಗೆಮನೆಗೆ ಅಡ್ಡಿಯಿಲ್ಲ, ಜಗಲಿಗೆ ಅಡ್ಡಿಯಿಲ್ಲ, ಕಂಪ್ಯೂಟರಿಗೆ ಮಾತ್ರ. ಲಿಂಗಕ್ಕೆ ಇಲ್ಲದ ಮೈಲಿಗೆಯನ್ನು ತಗಡಿಗೆ ಹುಟ್ಟಿಸಿದ ಮೊದಲ ಶರಣರು ನೀವೇ ಇರಬೇಕು. ನಾನು ತಲೆ ಅಲ್ಲಾಡಿಸಿದೆ. ಈಗ ಕೇಳಿ. ನೀವು ಗಿರಣಿಗೆ ಹೊರಟ ಕೂಡಲೇ, ಬೇರೆ ದಿನ ತಪ್ಪಿದರೂ ಆ ದಿನಗಳಲ್ಲಿ ತಪ್ಪದೆ, ನಾನು ಆ ಮೇಜಿನ ಮುಂದೆ ಕೂತಿದ್ದೇನೆ. ನೀವು ಎಲ್ಲರಿಗೂ ತೋರಿಸುತ್ತಿದ್ದ ಆ ಅಚ್ಚುಕಟ್ಟಾದ ಭತ್ತದ ಲೆಕ್ಕದ ಬಹುಪಾಲು ಆ ದಿನಗಳದ್ದೇ. ಪರದೆ ಒಮ್ಮೆಯೂ ತಡವರಿಸಲಿಲ್ಲ. ಇತ್ತ ಜಗಲಿಯ ಮೇಲೆ ನೀವು ಪ್ರತಿ ಸೋಮವಾರ ಕೆಂಪು ಬಟ್ಟೆ ಬಿಚ್ಚಿ, ಸತ್ತ ಫ್ಲಾಪಿಗೆ ಮೂರು ಬೆರಳು ಎಳೆದು, ಕಣ್ಣಿಗೊತ್ತಿಕೊಳ್ಳುತ್ತಿದ್ದಿರಿ. ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ಒಳಗೊಳಗೆ ನಗು ಬರುತ್ತಿತ್ತೇ ಎಂದು ನೀವು ಕೇಳಬಹುದು. ಇಲ್ಲ. ಹಸಿವಾದವರು ಊಟ ನೋಡುವ ಹಾಗೆ ನೋಡುತ್ತಿದ್ದೆ.

ನೀವು ಹೋದ ದಿನ, ಅದೇ ಪಡಸಾಲೆಯಲ್ಲಿ, ಕಂಪ್ಯೂಟರಿನ ಪಕ್ಕದ ಗೋಡೆಗೆ ಒರಗಿಸಿ ನಿಮ್ಮನ್ನು ಕೂರಿಸಿದ್ದರು. ಹಣೆ, ತೋಳು, ಎದೆ ತುಂಬ ವಿಭೂತಿ. ಎಡಗೈಯಲ್ಲಿ ಲಿಂಗ. ಭಜನೆಯವರು ತಾಳ ಹಾಕುತ್ತಿದ್ದರು. ಅದೇ ಸ್ವಾಮಿಗಳು ಬಂದಿದ್ದರು, ಅದೇ ಬೀಗರು. ಬೀಗರೇ ಎದ್ದು ಹೇಳಿದರು: “ಅಣ್ಣಾರ ಜೀವೆಲ್ಲ ಆ ಫ್ಲಾಪ್ಯಾಗ ಇತ್ತು. ಅದನ್ನೂ ಅವರ ಕೂಡ ಸಮಾಧಿಗೆ ಕಳಸೂಣು.” ಅತ್ತೆ ಅಳುತ್ತಿದ್ದರು. ನಿಮ್ಮ ಮಗ ಕಂಬ ಹಿಡಿದು ಕೂತಿದ್ದರು. “ಸುಶೀಲವ್ವ, ಜಗಲೀ ಮ್ಯಾಲಿಂದು ತಗೊಂಡು ಬಾರವ್ವ. ನೀ ಮನೀ ಸೊಸಿ, ನಿನ್ನ ಕೈಲೇ ಇಡು” ಎಂದರು ಬೀಗರು.

ನಾನು ಕೆಂಪು ಬಟ್ಟೆ ಬಿಚ್ಚಿದೆ. ವಾರವಾರದ ವಿಭೂತಿ ಪದರುಪದರಾಗಿ ಗಟ್ಟಿಯಾಗಿತ್ತು. ಸೆರಗಿನಿಂದ ಮೆಲ್ಲಗೆ ಒರೆಸಿದೆ. ಎಲ್ಲಕ್ಕಿಂತ ಕೆಳಗೆ, ಆ ಸೀಳಿನ ಕಂದು ತಟ್ಟೆಯ ಮೇಲೆ, ಆಯುಧಪೂಜೆಯ ನಿಮ್ಮ ಮೂರು ಬೆರಳು ಒಣಗಿ ಕಚ್ಚಿಕೊಂಡಿದ್ದವು. ಅವನ್ನು ಒರೆಸಲಿಲ್ಲ. ಹಾಗೆಯೇ ತಂದು ನಿಮ್ಮ ಮಡಿಲಲ್ಲಿಟ್ಟೆ, ಲಿಂಗ ಹಿಡಿದ ಕೈಯ ಮಗ್ಗುಲಿಗೆ. ಯಾವ ತಪ್ಪಿಗಾಗಿ ನನ್ನ ಕೂಸಿನ ಬೆರಳು ಬಿಡಿಸಿದಿರೋ ಆ ತಪ್ಪು ನಿಮ್ಮ ಕೈಬರಹದಲ್ಲಿ ನಿಮ್ಮ ಜೊತೆಗೇ ಇದೆ. ಬೇಕಾದಷ್ಟು ಸಮಯವಿದೆ, ಬಿಡಿಸಿ ನೋಡಿಕೊಳ್ಳಿ. ಗಿರಿಜಾ ದೊಡ್ಡವಳಾದ ದಿನ ಅವಳನ್ನು ಅದೇ ಪಡಸಾಲೆಯಲ್ಲಿ, ಅದೇ ಮೇಜಿನ ಮುಂದೆ ಕೂರಿಸಿ ಇದನ್ನೆಲ್ಲ ಹೇಳುತ್ತೇನೆ. ಹೆಸರುಗಳನ್ನು ಬಿಡುವುದಿಲ್ಲ.

ಇನ್ನೊಂದೇ ಸುದ್ದಿ. ನಿಮ್ಮ ಮಡಿಲಿಗೆ ಫ್ಲಾಪಿ ಇಟ್ಟು, ಬಲಗೈ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಹೊಂದಿಸಿ, ನಿಮ್ಮ ಹಣೆಗೆ ಕೊನೆಯ ವಿಭೂತಿ ಹಚ್ಚಿದವಳು ನಾನೇ. ಸ್ವಾಮಿಗಳು ಕೈಗಡಿಯಾರ ನೋಡಿಕೊಂಡರು. ಅಷ್ಟು ಮಂದಿ ಇದ್ದರು, ಅವತ್ತು ಇದ್ದವರೇ. ಆದರೆ ಆ ದಿನ ಯಾರೂ ನನ್ನನ್ನು ಆ ಪ್ರಶ್ನೆ ಕೇಳಲಿಲ್ಲ, ಮಾವನವರೇ. ಕೇಳಿದ್ದರೆ ಅವತ್ತಿನ ಹಾಗೆಯೇ “ಹೌದ್ರಿ” ಎನ್ನುತ್ತಿದ್ದೆ.

ನಿಮ್ಮ ಸೊಸೆ,
ಸುಶೀಲಾ